ಬೀಗರ ಮನೆಯ ತಮಾಲ್ ಈ ವರ್ಷ ನಮ್ಮ ಮನೆಯಲ್ಲಿ: ಹಂದಿಯ ಕೊಬ್ಬಿಲ್ಲದೆ ಹಿಟ್ಟು ಹದಕ್ಕೆ ಬರುತ್ತದೆಯೇ?

ಶಿರಸಿಯ ಸೊಸೆ (ಸ್ಯಾನ್ ಆಂಟೋನಿಯೊ), ಡಿಸೆಂಬರ್ 3

ಎಲ್ಲರಿಗೂ ನಮಸ್ಕಾರ. ನನ್ನ ಮಗ ಮದುವೆಯಾಗಿರುವುದು ಇದೇ ಊರಿನ ಮೆಕ್ಸಿಕನ್ ಮನೆತನದ ಹುಡುಗಿಯನ್ನು. ಅವಳ ಅಜ್ಜ ಅಜ್ಜಿ ಮೊಂಟೆರೇ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಪ್ರತಿ ಡಿಸೆಂಬರ್ 23ರಂದು ಬೀಗರ ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸೇರಿ ಬೆಳಿಗ್ಗೆಯಿಂದ ಸಂಜೆಯವರೆಗೆ ತಮಾಲ್ (ಮೆಕ್ಕೆಜೋಳದ ಹಿಟ್ಟಿನೊಳಗೆ ಹೂರಣವಿಟ್ಟು, ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ತಿನಿಸು) ಕಟ್ಟುತ್ತಾರೆ. ಆ ಕೂಟಕ್ಕೆ ತಮಲಾಡ ಎಂದು ಹೆಸರು. ಒಬ್ಬರು ನೆನೆಸಿದ ಜೋಳದ ಸಿಪ್ಪೆಯನ್ನು ಒರೆಸುತ್ತಾರೆ, ನಾಲ್ವರು ಹಿಟ್ಟು ಸವರುತ್ತಾರೆ, ಇಬ್ಬರು ಹೂರಣ ಇಡುತ್ತಾರೆ, ಮಕ್ಕಳು ಮಡಿಸುತ್ತಾರೆ. ಈ ಸಲ ಬೀಗಿತಿಯವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಅಷ್ಟೂ ಕೆಲಸ ನಮ್ಮ ಅಡುಗೆಮನೆಗೆ ಬಂದಿದೆ, ಮತ್ತು ಅದನ್ನು ನಾನು ಸಂತೋಷದಿಂದಲೇ ಒಪ್ಪಿಕೊಂಡಿದ್ದೇನೆ.

ತೊಡಕು ಬೇರೆಯಿದೆ. ಅಕ್ಟೋಬರಿನಿಂದ ನನ್ನ ಅತ್ತೆಯವರು ನಮ್ಮೊಡನೆ ಇದ್ದಾರೆ. ಅವರಿಗೆ 78 ವರ್ಷ, ಮೊಟ್ಟೆಯನ್ನೂ ಮುಟ್ಟದವರು. ಆದರೂ ಆ ದಿನ ಸಾಲಿನಲ್ಲಿ ಕೂರಲೇಬೇಕೆಂದು ಹಟ ಹಿಡಿದಿದ್ದಾರೆ. ‘ಎಲೆಯಲ್ಲಿ ಹಿಟ್ಟು ಸುತ್ತಿ ಬೇಯಿಸುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ’ ಎನ್ನುವುದು ಅವರ ವಾದ. ಬೀಗರ ಹಿಟ್ಟಿನಲ್ಲಿ ಹಂದಿಯ ಕೊಬ್ಬು ಇರುತ್ತದೆ, ಒಳಗೆ ಕೆಂಪು ಮೆಣಸಿನ ಹಂದಿಮಾಂಸ ಇರುತ್ತದೆ. ಕೊಬ್ಬಿಲ್ಲದ ಹಿಟ್ಟನ್ನು ಬೇರೆ ಕಲಸಬಹುದೇ, ಅದು ತಮಾಲ್ ಅನ್ನಿಸಿಕೊಳ್ಳುತ್ತದೆಯೇ? ಮೂರು ತಲೆಮಾರಿನ ಪದ್ಧತಿಯನ್ನು ನಮ್ಮ ಮನೆಗೆ ತಂದವರ ಮುಂದೆ ಇದನ್ನು ಹೇಗೆ ಎತ್ತಬೇಕು ಎಂಬುದು ನನ್ನ ಎರಡನೆಯ ಚಿಂತೆ.

ಹೊಸ ಒಲೆ (ಸಿಯಾಟಲ್), ಡಿಸೆಂಬರ್ 3

ಭಾರತೀಯ ಅಂಗಡಿಯಲ್ಲಿ ಸಿಗುವ ಮಕ್ಕಿ ಆಟಾ ತೆಗೆದುಕೊಂಡು ಬೆಣ್ಣೆ ಹಾಕಿ ಕಲಸಿದರೆ ಕೆಲಸ ಮುಗಿಯಿತಲ್ಲವೇ? ಅದೂ ಮೆಕ್ಕೆಜೋಳದ ಹಿಟ್ಟೇ ತಾನೆ?

ಬೆಣ್ಣೆದೋಸೆ (ಡಾಲಸ್), ಡಿಸೆಂಬರ್ 3

ದಯವಿಟ್ಟು ಆ ತಪ್ಪನ್ನು ಮಾತ್ರ ಮಾಡಬೇಡಿ. ನಾನು ಮಾಡಿದ್ದೇನೆ. ನಾನು ಹುಟ್ಟಿದ್ದು ದಾವಣಗೆರೆಯಲ್ಲಿ, ಸುತ್ತಲೂ ಮೆಕ್ಕೆಜೋಳದ ಹೊಲ ನೋಡಿಕೊಂಡೇ ಬೆಳೆದವನು. ಮೆಕ್ಕೆಜೋಳದ ವಿಷಯದಲ್ಲಿ ನನಗೆ ಪಾಠ ಬೇಡ ಎಂಬ ಜಂಬದಲ್ಲಿ ಎರಡು ಕೆ.ಜಿ. ಮಕ್ಕಿ ಆಟಾ ತಂದು ಕಲಸಿದೆ. ಒಂದೂವರೆ ಗಂಟೆ ಹಬೆಯಲ್ಲಿ ಬೆಂದ ಮೇಲೆ ಸಿಪ್ಪೆ ಬಿಡಿಸಿದರೆ ಒಳಗಿದ್ದದ್ದು ಒದ್ದೆ ಮರಳು. ಚಮಚದಲ್ಲಿ ತಿಂದೆವು.

ಕಾರಣ ಸುಣ್ಣ. ತಮಾಲಿನ ಜೋಳವನ್ನು ಮೊದಲು ಸುಣ್ಣದ ನೀರಿನಲ್ಲಿ ಕುದಿಸಿ, ಇಡೀ ರಾತ್ರಿ ಅದರಲ್ಲೇ ಬಿಟ್ಟು, ಮರುದಿನ ಉಜ್ಜಿ ತೊಳೆದು ಹೊರಸಿಪ್ಪೆ ಹೋಗಲಾಡಿಸುತ್ತಾರೆ. ಹೀಗೆ ಹದಗೊಂಡ ಕಾಳಿಗೆ ನಿಶ್ತಮಾಲ್ ಎಂದು ಹೆಸರು. ಸುಣ್ಣ ಕಾಳಿನ ಸಿಪ್ಪೆಯನ್ನು ಸಡಿಲಿಸುವುದಲ್ಲದೆ ಹಿಟ್ಟಿಗೆ ಅಂಟುಗುಣವನ್ನೂ ಕೊಡುತ್ತದೆ. ಜೋಳದೊಳಗೆ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ವ ನಮ್ಮ ದೇಹಕ್ಕೆ ದಕ್ಕುವುದೂ ಅದರಿಂದಲೇ. ಅಮೆರಿಕದಿಂದ ಜೋಳವನ್ನು ಒಯ್ದ ಯುರೋಪಿನವರು ಸುಣ್ಣವನ್ನು ಬಿಟ್ಟುಬಿಟ್ಟರು. ಆಮೇಲೆ ಅದನ್ನೇ ಮುಖ್ಯ ಆಹಾರ ಮಾಡಿಕೊಂಡ ಬಡವರು ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರಾ ರೋಗಕ್ಕೆ ತುತ್ತಾದರು. ಅಂಗಡಿಯಲ್ಲಿ ‘ಮಾಸಾ ಹರೀನಾ’ ಎಂದು ಬರೆದಿರುವ ಪೊಟ್ಟಣವನ್ನೇ ಕೇಳಿ. ಅದು ಸುಣ್ಣದಲ್ಲಿ ಹದಗೊಳಿಸಿ ಒಣಗಿಸಿದ ಹಿಟ್ಟು. ನಮ್ಮಲ್ಲಿ ಕಾರ್ನ್ ಫ್ಲೋರ್ ಎಂದು ಮಾರುವ ಬಿಳಿ ಪುಡಿಯಂತೂ ಬರಿಯ ಪಿಷ್ಟ, ಅದರ ತಂಟೆಗೇ ಹೋಗಬೇಡಿ.

ಕಟ್ಟುನಿಟ್ಟು (ನ್ಯೂಜೆರ್ಸಿ), ಡಿಸೆಂಬರ್ 4

ಹಿಟ್ಟು ಬೇರೆ ಮಾಡಿದರೆ ಸಾಲದು, ಹಬೆಯ ಪಾತ್ರೆಯೂ ಬೇರೆಯೇ ಆಗಬೇಕು. ಮೇಲಿನ ಸಾಲಿನಲ್ಲಿ ಮಾಂಸದ ತಮಾಲ್ ನಿಂತು ಅದರ ಕೊಬ್ಬು ಕರಗಿ ಕೆಳಗೆ ತೊಟ್ಟಿಕ್ಕುವಾಗ ಅದೇ ಪಾತ್ರೆಯ ಮೂಲೆಯಲ್ಲಿ ‘ಇದು ಸಸ್ಯಾಹಾರಿ’ ಎಂದು ಚೀಟಿ ಅಂಟಿಸುವುದು ಆತ್ಮವಂಚನೆ. ಹಿರಿಯರಿಗೆ ತಿಳಿಸದೆ ಬಡಿಸುವುದಂತೂ ಕೂಡದು.

ಹೂಸ್ಟನ್ ಹಳಬ, ಡಿಸೆಂಬರ್ 4

ಪಾತ್ರೆಯ ವಿಷಯದಲ್ಲಿ ಹಿಂದಿನವರ ಮಾತು ಸರಿ, ಧಾಟಿ ಮಾತ್ರ ಸ್ವಲ್ಪ ಮೃದುವಾಗಬಹುದಿತ್ತು.

ಶಿರಸಿಯ ಸೊಸೆಯವರೇ, ನಾನು ಟೆಕ್ಸಾಸಿಗೆ ಬಂದು ಮೂವತ್ತು ವರ್ಷ ದಾಟಿತು. ಸುತ್ತಿ ಬಳಸಿ ಹೇಳುವುದಕ್ಕಿಂತ ನೇರವಾಗಿ ಬೀಗಿತಿಯವರಿಗೇ ಫೋನ್ ಮಾಡಿ ಕೇಳುವುದು ಉತ್ತಮ. ಇಂಗ್ಲಿಷಿನಲ್ಲಿ ಬೀಗಿತಿ ಎಂಬುದಕ್ಕೆ ಒಂದು ಪದವೇ ಇಲ್ಲ, ಆದರೆ ಸ್ಪ್ಯಾನಿಷಿನಲ್ಲಿ ‘ಕೋನ್‌ಸ್ವೇಗ್ರಾ’ ಎಂಬ ಪದ ನಿಖರವಾಗಿ ಅದನ್ನೇ ಹೇಳುತ್ತದೆ. ಆ ಸಂಬಂಧಕ್ಕೆ ಹೆಸರಿಟ್ಟುಕೊಂಡವರಿಗೆ ಅದರ ಮರ್ಯಾದೆ, ಮುಲಾಜು ಎರಡೂ ಗೊತ್ತಿರುತ್ತವೆ.

ಅಂಗಡಿಯಲ್ಲಿ ಒಂದು ಎಚ್ಚರ ಬೇಕು. ಡಿಸೆಂಬರಿನಲ್ಲಿ ಇಲ್ಲಿನ ಮೆಕ್ಸಿಕನ್ ಅಂಗಡಿಗಳಲ್ಲಿ ಹಸಿ ಹಿಟ್ಟನ್ನೇ ತೂಕಕ್ಕೆ ಮಾರುತ್ತಾರೆ. ‘ಮಾಸಾ ಪ್ರೆಪಾರಾದಾ’ ಎಂದಿದ್ದರೆ ಅದಕ್ಕೆ ಕೊಬ್ಬು, ಉಪ್ಪು, ಸಾರು ಎಲ್ಲ ಸೇರಿಸಿ ಆಗಿದೆ ಎಂದು ಅರ್ಥ. ನಿಮಗೆ ಬೇಕಾದದ್ದು ‘ಸಿನ್ ಪ್ರೆಪಾರಾರ್’, ಅಂದರೆ ಏನೂ ಸೇರಿಸದ ಹಿಟ್ಟು. ಡಬ್ಬಿಯ ಅರೆದ ಬೀನ್ಸ್ ಕಾಳಿನಲ್ಲಿಯೂ ಎಷ್ಟೋ ಸಲ ಹಂದಿಯ ಕೊಬ್ಬು ಇರುತ್ತದೆ. ಹಿಂದೆ ಸಣ್ಣ ಅಕ್ಷರದಲ್ಲಿ ‘ಲಾರ್ಡ್’ ಎಂದು ಬರೆದಿರುವುದನ್ನು ದೇವರ ಹೆಸರೆಂದು ಓದಿಕೊಂಡು ತಿಂದ ಸ್ನೇಹಿತರೊಬ್ಬರು ನನಗಿದ್ದಾರೆ.

ಇತಿಹಾಸದ ಹುಳ (ಬೆಂಗಳೂರು), ಡಿಸೆಂಬರ್ 4

ಕೊಬ್ಬಿಲ್ಲದಿದ್ದರೆ ತಮಾಲ್ ಅನ್ನಿಸಿಕೊಳ್ಳುತ್ತದೆಯೇ ಎಂಬ ಪ್ರಶ್ನೆಯೇ ತಲೆಕೆಳಗಾಗಿದೆ. ಅಮೆರಿಕ ಖಂಡಕ್ಕೆ ಹಂದಿಯನ್ನು ತಂದವರು ಸ್ಪೇನಿನವರು. ಅದಕ್ಕೆ ಎಷ್ಟೋ ಶತಮಾನಗಳ ಹಿಂದಿನಿಂದ ಮೆಕ್ಸಿಕೊದಲ್ಲಿ ತಮಾಲ್ ಇತ್ತು. ಪದವೂ ಸ್ಪ್ಯಾನಿಷಿನದಲ್ಲ, ಅಲ್ಲಿನ ಮೂಲನಿವಾಸಿ ಆಸ್ಟೆಕ್ ಜನರ ನಾವಾಟ್ಲ್ ಭಾಷೆಯ ‘ತಮಲ್ಲಿ’ಯಿಂದ ಬಂದದ್ದು; ಸುತ್ತಿದ್ದು ಎಂಬ ಅರ್ಥ ಅದಕ್ಕಿದೆ. ಆದ್ದರಿಂದ ನಿಮ್ಮ ಅತ್ತೆಯವರು ಕೇಳುತ್ತಿರುವುದೇ ಮೂಲ ಸಸ್ಯಾಹಾರಿ ತಮಾಲ್, ಬೀಗರದು ನಂತರದ ತಿದ್ದುಪಡಿ.

ಗ್ವಾದಲಹಾರ ವಾಸಿ (ಮೆಕ್ಸಿಕೊ), ಡಿಸೆಂಬರ್ 5

ಕೊಬ್ಬಿರಲಿಲ್ಲ ಎಂಬುದು ನಿಜ, ಆದರೆ ಅದರಿಂದ ‘ಮೂಲ ಸಸ್ಯಾಹಾರಿ’ ಎಂದು ಜಿಗಿಯುವುದು ಸರಿಯಲ್ಲ. ಹದಿನಾರನೆಯ ಶತಮಾನದಲ್ಲಿ ಬೆರ್ನಾರ್ದಿನೊ ದೆ ಸಾಆಗೂನ್ ಎಂಬ ಪಾದ್ರಿ ಆಸ್ಟೆಕ್ ಜನರ ಜೀವನವನ್ನು ಅವರ ಬಾಯಿಂದಲೇ ಕೇಳಿ ಬರೆಸಿದ ಬೃಹತ್ ಗ್ರಂಥದಲ್ಲಿ ಮಾರುಕಟ್ಟೆಯ ತಮಾಲುಗಳ ಉದ್ದನೆಯ ಪಟ್ಟಿಯೇ ಇದೆ. ಅದರಲ್ಲಿ ಟರ್ಕಿ ಕೋಳಿಯಿದೆ, ಮೀನಿದೆ, ಕಪ್ಪೆಯೂ ಇದೆ. ಇದನ್ನೆಲ್ಲ ಅತ್ತೆಯವರಿಗೆ ಓದಿ ಹೇಳಬೇಡಿ.

ಹಾಗೆಂದು ಶಿರಸಿಯ ಸೊಸೆಯವರು ನಿರಾಶರಾಗಬೇಕಾಗಿಲ್ಲ. ಕೆಲಸದ ನಿಮಿತ್ತ ನಾನು ಇಲ್ಲಿಗೆ ಬಂದು ಆರು ವರ್ಷವಾಯಿತು. ‘ರಾಹಾಸ್’ ಎಂಬ ಹೂರಣ ಇಲ್ಲಿ ಎಲ್ಲೆಡೆ ಸಿಗುತ್ತದೆ: ಪೊಬ್ಲಾನೊ ಮೆಣಸಿನಕಾಯಿಯನ್ನು ಬದನೆಕಾಯಿಯಂತೆ ನೇರ ಉರಿಯಲ್ಲಿ ಸುಟ್ಟು, ಸಿಪ್ಪೆ ತೆಗೆದು, ಉದ್ದಕ್ಕೆ ಸೀಳಿ ಚೀಸ್ ಜೊತೆ ಇಡುತ್ತಾರೆ. ಕಪ್ಪು ಬೀನ್ಸ್ ಕಾಳಿನ ಹೂರಣವಿದೆ, ಒಣದ್ರಾಕ್ಷಿ ಹಾಕಿದ ಗುಲಾಬಿ ಬಣ್ಣದ ಸಿಹಿ ತಮಾಲ್ ಇದೆ. ತೊಂದರೆಯೆಂದರೆ ಇವೆಲ್ಲದರ ಹಿಟ್ಟಿಗೂ ಸಾಮಾನ್ಯವಾಗಿ ಕೊಬ್ಬು ಬೀಳುತ್ತದೆ. ಮೆಕ್ಸಿಕೊದಲ್ಲಿ ‘ಮಾಂಸವಿಲ್ಲ’ ಎಂದರೆ ಒಳಗೆ ಮಾಂಸದ ತುಂಡಿಲ್ಲ ಎಂದಷ್ಟೇ ಅರ್ಥ. ನಾನು ಒಂದು ವರ್ಷ ಅದನ್ನು ತಿಳಿಯದೆ ತಿಂದೆ. ತಿಳಿದ ಮೇಲೆ ಏನು ಮಾಡಿದೆ ಎಂಬುದು ನನ್ನ ಸ್ವಂತ ವಿಷಯ.

ಇತಿಹಾಸದ ಹುಳ, ಡಿಸೆಂಬರ್ 5

ಕಪ್ಪೆಯನ್ನು ಒಪ್ಪಿಕೊಂಡೆ. ಆದರೆ ಅದೇ ಸಾಆಗೂನ್ ಇನ್ನೊಂದನ್ನೂ ದಾಖಲಿಸಿದ್ದಾರೆ. ಎಂಟು ವರ್ಷಕ್ಕೊಮ್ಮೆ ಬರುವ ‘ಅತಮಲ್‌ಕ್ವಲಿಸ್‌ತ್ಲಿ’ ಎಂಬ ಹಬ್ಬದಲ್ಲಿ ಜನ ಉಪ್ಪು, ಮೆಣಸು ಏನನ್ನೂ ಸೇರಿಸದ ನೀರಿನ ತಮಾಲನ್ನು ಮಾತ್ರ ತಿಂದು ಉಪವಾಸವಿರುತ್ತಿದ್ದರು. ವರ್ಷವರ್ಷವೂ ಉಪ್ಪು ಖಾರಗಳಿಂದ ಬಳಲಿದ ಜೋಳಕ್ಕೆ ವಿಶ್ರಾಂತಿ ಕೊಡುವುದು ಅದರ ಉದ್ದೇಶವಂತೆ. ಏಕಾದಶಿ ಮಾಡುವ ಅತ್ತೆಯವರಿಗೆ ಇದನ್ನಾದರೂ ಓದಿ ಹೇಳಬಹುದು.

ಪುತ್ತೂರಿನ ಅಜ್ಜಿಮನೆ (ಶಿಕಾಗೊ), ಡಿಸೆಂಬರ್ 6

ಇತಿಹಾಸ ಸಾಕು, ಒಲೆಯ ಹತ್ತಿರ ಬನ್ನಿ. ನಾಗರ ಪಂಚಮಿಗೆ ಅರಿಶಿನ ಎಲೆಯ ಕಡುಬು, ಅಷ್ಟಮಿಗೆ ಮೂಡೆ, ಹಲಸಿನ ಕಾಲಕ್ಕೆ ಸಾಗುವಾನಿ ಎಲೆಯ ಗಟ್ಟಿ ಮಾಡಿಕೊಂಡು ಬೆಳೆದವಳು ನಾನು. ಆ ಧೈರ್ಯದ ಮೇಲೆ ನಾಲ್ಕು ವರ್ಷದಿಂದ ಪಕ್ಕದ ಮನೆಯ ಮೆಕ್ಸಿಕನ್ ಅಕ್ಕನ ಜೊತೆ ತಮಾಲಿಗೆ ಕೂರುತ್ತಿದ್ದೇನೆ. ನಮ್ಮ ಎಲೆಗೂ ಅವರ ಸಿಪ್ಪೆಗೂ ದೊಡ್ಡ ವ್ಯತ್ಯಾಸವೊಂದಿದೆ. ಅರಿಶಿನ ಎಲೆ ತನ್ನ ಪರಿಮಳವನ್ನು ಹಿಟ್ಟಿಗೆ ಧಾರಾಳವಾಗಿ ಕೊಡುತ್ತದೆ. ಒಣಗಿದ ಜೋಳದ ಸಿಪ್ಪೆ ಅಷ್ಟು ಉದಾರಿಯಲ್ಲ, ಆದ್ದರಿಂದ ಹಿಟ್ಟಿಗೇ ರುಚಿ ಇರಬೇಕು. ಕೋಳಿಯ ಸಾರಿನ ಬದಲು ತರಕಾರಿಯ ಸಾರಿನಲ್ಲಿ ಕಲಸಿ. ಜೋಳದ ದಿಂಡು, ಬೆಳ್ಳುಳ್ಳಿ, ಒಂದೆರಡು ಒಣಮೆಣಸಿನಕಾಯಿ ಹಾಕಿ ಕುದಿಸಿದರೆ ಒಳ್ಳೆಯ ಸಾರು ಬರುತ್ತದೆ. ಅತ್ತೆಯವರು ಬೆಳ್ಳುಳ್ಳಿ ತಿನ್ನದಿದ್ದರೆ ಬಿಡಿ, ದಿಂಡೇ ಸಾಕು.

ಅಳತೆ ಹೀಗಿದೆ. 4 ಕಪ್ ಮಾಸಾ ಹರೀನಾಕ್ಕೆ ಒಂದು ಕಪ್ಪಿಗಿಂತ ಸ್ವಲ್ಪ ಹೆಚ್ಚು ಗಟ್ಟಿಯಾದ ಜಿಡ್ಡು, 2 ಚಹಾ ಚಮಚ ಬೇಕಿಂಗ್ ಪೌಡರ್, ಉಪ್ಪು, ಮೂರರಿಂದ ಮೂರೂವರೆ ಕಪ್ ಸಾರು. ಇದರಲ್ಲಿ ಸುಮಾರು 30 ತಮಾಲ್ ಆಗುತ್ತವೆ. ಜಿಡ್ಡನ್ನು ಮೊದಲು ಒಂದೇ ಸಮನೆ ಕಡೆದು ಬೆಳ್ಳಗೆ ಹಗುರ ಮಾಡಿಕೊಂಡು, ಆಮೇಲೆ ಹಿಟ್ಟನ್ನೂ ಸಾರನ್ನೂ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ ಮತ್ತೆ ಕಡೆಯಬೇಕು. ಹದ ಬಂತೇ ಎಂದು ನೋಡಲು ಒಂದು ಚೂರು ಹಿಟ್ಟನ್ನು ನೀರಿಗೆ ಹಾಕಬೇಕು. ತೇಲಿದರೆ ಆಯಿತು, ಮುಳುಗಿದರೆ ಇನ್ನೂ ಕಡೆಯಬೇಕು. ಪಕ್ಕದ ಮನೆಯ ಅಕ್ಕ ಇದನ್ನು ದೊಡ್ಡ ಗುಟ್ಟಿನಂತೆ ತೋರಿಸಿದಾಗ ನನಗೆ ನಗು ತಡೆಯಲಾಗಲಿಲ್ಲ. ಉದ್ದಿನ ವಡೆಯ ಹಿಟ್ಟಿಗೆ ನನ್ನಮ್ಮ ಮಾಡುತ್ತಿದ್ದದ್ದು ಇದನ್ನೇ.

ಸಿಪ್ಪೆಯನ್ನು ಬಿಸಿನೀರಿನಲ್ಲಿ ಒಂದು ಗಂಟೆಯಾದರೂ ನೆನೆಸಿ, ತೇಲದಂತೆ ಮೇಲೊಂದು ತಟ್ಟೆ ಹೇರಿ. ನುಣುಪಾದ ಬದಿಗೆ ಹಿಟ್ಟು ಸವರಿ, ಚೂಪಾದ ತುದಿಯ ಕಡೆ ಮೂರನೆಯ ಒಂದು ಭಾಗ ಖಾಲಿ ಬಿಟ್ಟು ಅದನ್ನು ಕೆಳಗೆ ಮಡಿಸಿ. ಪಾತ್ರೆಯಲ್ಲಿ ಬಾಯಿ ಮೇಲಾಗಿ ನಿಲ್ಲಿಸಬೇಕು, ಮಲಗಿಸಬಾರದು. ಒಂದರಿಂದ ಒಂದೂವರೆ ಗಂಟೆ ಹಬೆ ಬೇಕು. ಸಿಪ್ಪೆ ಹಿಟ್ಟನ್ನು ಅಂಟದೆ ಬಿಟ್ಟುಕೊಟ್ಟರೆ ಬೆಂದಿದೆ ಎಂದು ತಿಳಿಯಬೇಕು, ಮತ್ತು ಇಳಿಸಿದ ಮೇಲೆ ಕಾಲು ಗಂಟೆ ಮುಟ್ಟದೆ ಬಿಡಬೇಕು. ಪಾತ್ರೆಯ ತಳದ ನೀರಿಗೆ ಒಂದು ನಾಣ್ಯ ಹಾಕಿರುತ್ತಾರೆ. ನೀರಿರುವವರೆಗೆ ಅದು ಗಲಗಲ ಎನ್ನುತ್ತಿರುತ್ತದೆ, ಸದ್ದು ನಿಂತಿತೆಂದರೆ ನೀರು ಆರಿತು. ನಮ್ಮ ಅಜ್ಜಿ ಕಡುಬು ಬೇಯಿಸುವ ಅಟ್ಟಿನಳಗೆಗೆ ಹಳೆಯ ತಾಮ್ರದ ದುಡ್ಡು ಹಾಕುತ್ತಿದ್ದರು. ಅದು ಯಾಕೆಂದು ನನಗೆ ತಿಳಿದದ್ದು ಶಿಕಾಗೊದಲ್ಲಿ.

ಬೆಣ್ಣೆದೋಸೆ, ಡಿಸೆಂಬರ್ 6

ಉತ್ಸಾಹ ಹೆಚ್ಚಿದ್ದರೆ ನಿಶ್ತಮಾಲನ್ನೇ ಮನೆಯಲ್ಲಿ ಮಾಡಿ ನಮ್ಮ ಗ್ರೈಂಡರಿನಲ್ಲಿ ರುಬ್ಬಬಹುದು. ಒಂದು ಕೆ.ಜಿ. ಒಣ ಕಾಳಿಗೆ ಸುಮಾರು 10 ಗ್ರಾಂ ಸುಣ್ಣ ಸಾಕು. ಕಲ್ಲು ತಿರುಗಬೇಕೆಂದು ನೀರು ಹಾಕುತ್ತಾ ಹೋದರೆ ಹಿಟ್ಟು ದೋಸೆಯ ಹದಕ್ಕೆ ಇಳಿಯುತ್ತದೆ, ಆಗ ಒಣ ಮಾಸಾ ಹರೀನಾ ಸೇರಿಸಿ ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ಮೊದಲ ಸಲಕ್ಕೆ, ಅದೂ ಇಪ್ಪತ್ತು ಜನರ ಎದುರಿಗೆ, ಈ ಸಾಹಸ ಬೇಡ.

ರವದಿ (ಹಾವೇರಿ), ಡಿಸೆಂಬರ್ 7

ಇಷ್ಟು ಹೊತ್ತು ಎಲ್ಲರೂ ‘ಜೋಳದ ಸಿಪ್ಪೆ’ ಎನ್ನುತ್ತಿರುವುದು ಓದಲು ಕಷ್ಟವಾಗುತ್ತಿದೆ. ಜೋಳ ಎಂದರೆ ರೊಟ್ಟಿಯ ಜೋಳ. ನೀವು ಹೇಳುತ್ತಿರುವುದು ಗೋವಿನಜೋಳ.

ಹೂಸ್ಟನ್ ಹಳಬ, ಡಿಸೆಂಬರ್ 7

ನಮ್ಮ ಮೈಸೂರಿನ ಕಡೆ ಅದು ಮುಸುಕಿನ ಜೋಳ. ತಮಾಲಿಗೆ ಬೇಕಾದ ಸಿಪ್ಪೆಯನ್ನು ಹೆಸರಿನಲ್ಲಿಯೇ ಇಟ್ಟುಕೊಂಡಿರುವ ಪದ ಇದೊಂದೇ. ಮುಸುಕು ತೆಗೆಯದೆ ತಿನ್ನಬಾರದು ಎಂಬ ಸೂಚನೆಯೂ ಅದರಲ್ಲಿಯೇ ಇದೆ. 1976ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರು ಚುನಾವಣಾ ಪ್ರಚಾರಕ್ಕೆಂದು ಶಿರಸಿಯ ಸೊಸೆಯವರ ಊರಿಗೇ ಬಂದು, ಆಲಮೋ ಕೋಟೆಯಲ್ಲಿ ಕೊಟ್ಟ ತಮಾಲನ್ನು ಸಿಪ್ಪೆಸಮೇತ ಕಚ್ಚಿದ್ದರು. ಟೆಕ್ಸಾಸಿನವರು ಅದನ್ನು ಇನ್ನೂ ಮರೆತಿಲ್ಲ.

ಶಿರಸಿಯ ಸೊಸೆ, ಡಿಸೆಂಬರ್ 10

ಹಳಬರ ಮಾತಿನಂತೆ ಬೀಗಿತಿಯವರಿಗೆ ನೇರವಾಗಿ ಫೋನ್ ಮಾಡಿದೆ. ನಾನು ಎರಡು ದಿನದಿಂದ ಮನಸ್ಸಿನಲ್ಲಿಯೇ ಉರುಹೊಡೆದಿದ್ದ ಪೀಠಿಕೆ ಮುಗಿಯುವ ಮೊದಲೇ ಅವರು ಕೇಳಿದ ಪ್ರಶ್ನೆ ಒಂದೇ: ‘ನಿಮ್ಮ ಅತ್ತೆಯವರಿಗೆ ಎಷ್ಟು ಡಜನ್ ಬೇಕು?’ ಅವರ ತಂಗಿಗೆ ವೈದ್ಯರು ಕೊಬ್ಬು ಬಿಡಲು ಹೇಳಿರುವುದರಿಂದ ಕಳೆದ ವರ್ಷವೇ ಒಂದು ಪಾತ್ರೆ ಬೇರೆ ಆಗಿತ್ತಂತೆ. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಈಗ ಉಳಿದಿರುವುದು ಜಿಡ್ಡಿನ ಪ್ರಶ್ನೆ. ತುಪ್ಪವೇ, ಕೊಬ್ಬರಿ ಎಣ್ಣೆಯೇ, ಅಂಗಡಿಯ ವನಸ್ಪತಿಯೇ?

ಪುತ್ತೂರಿನ ಅಜ್ಜಿಮನೆ, ಡಿಸೆಂಬರ್ 10

ಕೊಬ್ಬರಿ ಎಣ್ಣೆಯೇ ಸರಿ. ಡಿಸೆಂಬರಿನ ಚಳಿಗೆ ಅದು ತಾನಾಗಿಯೇ ಹೆಪ್ಪುಗಟ್ಟಿರುತ್ತದೆ, ಚೆನ್ನಾಗಿ ಕಡೆಯಬಹುದು.

ಬೆಣ್ಣೆದೋಸೆ, ಡಿಸೆಂಬರ್ 10

ಕೊಬ್ಬರಿ ಎಣ್ಣೆ ಹಾಕಿದರೆ ಬಾಯಿಗಿಟ್ಟ ಕೂಡಲೇ ಮಂಗಳೂರು ನೆನಪಾಗುತ್ತದೆ, ಮೊಂಟೆರೇ ಅಲ್ಲ. ಗಟ್ಟಿ ತುಪ್ಪ ಹಾಕಿ.

ಪುತ್ತೂರಿನ ಅಜ್ಜಿಮನೆ, ಡಿಸೆಂಬರ್ 11

ವಾಸನೆ ತೆಗೆದ ಕೊಬ್ಬರಿ ಎಣ್ಣೆ ಎಂಬುದೊಂದು ಅಂಗಡಿಯಲ್ಲಿ ಸಿಗುತ್ತದೆ ಎಂದು ದಾವಣಗೆರೆಯವರಿಗೆ ಯಾರಾದರೂ ತಿಳಿಸಬೇಕು. ತುಪ್ಪ ಅಷ್ಟು ಹಾಕಿದರೆ ತಮಾಲ್ ಹೋಳಿಗೆಯ ವಾಸನೆ ಹೊಡೆಯುತ್ತದೆ. ಸಿಹಿ ತಮಾಲಿಗೆ ಚೆಂದ, ಮೆಣಸಿನಕಾಯಿಯ ಹೂರಣಕ್ಕೆ ಹೊಂದುವುದಿಲ್ಲ.

ಕಟ್ಟುನಿಟ್ಟು, ಡಿಸೆಂಬರ್ 11

ಚೀಸ್ ಯಾವುದರಿಂದ ಹೆಪ್ಪುಗಟ್ಟಿಸಿದ್ದು ಎಂದು ನೋಡುವುದನ್ನು ಮರೆಯಬೇಡಿ. ಕರುವಿನ ಜಠರದಿಂದ ತೆಗೆದ ರೆನ್ನೆಟ್ ಇದ್ದರೆ ಪಾತ್ರೆ ಬೇರೆ ಮಾಡಿಯೂ ಪ್ರಯೋಜನವಿಲ್ಲ. ಮನೆಯ ಪನೀರ್ ಕ್ಷೇಮ.

ಗ್ವಾದಲಹಾರ ವಾಸಿ, ಡಿಸೆಂಬರ್ 12

ಇನ್ನೊಂದು ಮಾತು. ತಮಾಲ್ ಬೇಯುವಾಗ ಅಡುಗೆಮನೆಯಲ್ಲಿ ಯಾರಾದರೂ ಸಿಟ್ಟು ಮಾಡಿಕೊಂಡರೆ ಹಿಟ್ಟು ಬೇಯದೆ ಹಸಿಯಾಗಿಯೇ ಉಳಿಯುತ್ತದೆ ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ಸಿಟ್ಟಾದವರು ಪಾತ್ರೆಯ ಮುಂದೆ ಕುಣಿದರೆ ದೋಷ ಪರಿಹಾರವಾಗುತ್ತದಂತೆ. ತುಪ್ಪ ಮತ್ತು ಕೊಬ್ಬರಿ ಎಣ್ಣೆಯವರು ಗಮನಿಸಬೇಕು.

ಶಿರಸಿಯ ಸೊಸೆ, ಡಿಸೆಂಬರ್ 26

ವರದಿ ಒಪ್ಪಿಸುತ್ತಿದ್ದೇನೆ. ಒಟ್ಟು 22 ಡಜನ್ ಕಟ್ಟಿದೆವು, ಅದರಲ್ಲಿ 5 ಡಜನ್ ನಮ್ಮ ಪಾಲಿನದು. ವಾಸನೆ ತೆಗೆದ ಕೊಬ್ಬರಿ ಎಣ್ಣೆ ಗೆದ್ದಿತು. ರಾಹಾಸ್ ಜೊತೆಗೆ ಮನೆಯ ಪನೀರ್ ಇಟ್ಟೆವು. ಅದು ಕರಗುವುದಿಲ್ಲವಾದ್ದರಿಂದ ಸೊಸೆಗೆ ಸ್ವಲ್ಪ ನಿರಾಸೆಯಾಯಿತು. ಗುರುತಿಗಾಗಿ ನಮ್ಮ ತಮಾಲುಗಳ ಸೊಂಟಕ್ಕೆ ಸಿಪ್ಪೆಯ ಎಳೆಯನ್ನು ಕಟ್ಟಿ, ಇಡ್ಲಿಯ ದೊಡ್ಡ ಪಾತ್ರೆಯಲ್ಲಿ ಬೇರೆ ಬೇಯಿಸಿದೆವು.

ಅತ್ತೆಯವರನ್ನು ಮೇಜಿನ ತುದಿಯಲ್ಲಿ ಕೂರಿಸಿದ್ದೆ. ಅವರು ಸವರುವ ಹಿಟ್ಟು ವಿಪರೀತ ದಪ್ಪ ಎಂದು ಬೀಗಿತಿಯವರು ಗಾಲಿಕುರ್ಚಿಯಿಂದಲೇ ಆಕ್ಷೇಪಿಸಿದರು. ಮೊಂಟೆರೇ ಕಡೆಯ ತಮಾಲ್ ಸಣ್ಣದು, ಬೆರಳಿನಷ್ಟು ತೆಳ್ಳಗಿರಬೇಕಂತೆ. ‘ಕಡುಬು ಎಂದ ಮೇಲೆ ಕೈ ತುಂಬಬೇಕು’ ಎಂದು ಇವರು ಕನ್ನಡದಲ್ಲಿ ಉತ್ತರಿಸಿದರು. ಒಬ್ಬರಿಗೆ ಸ್ಪ್ಯಾನಿಷ್ ಬಾರದು, ಇನ್ನೊಬ್ಬರಿಗೆ ಕನ್ನಡ ಬಾರದು, ಆದರೂ ಇಬ್ಬರೂ ಅರ್ಧ ಗಂಟೆ ವಾದ ಮಾಡಿದರು. ಅದರ ಫಲವೋ ಏನೋ, ಆ ಪಾತ್ರೆ ಒಂದೂವರೆ ಗಂಟೆಯಾದರೂ ಬೇಯಲಿಲ್ಲ. ಸೊಸೆ ಗಂಭೀರವಾಗಿ ನಂಬಿಕೆಯ ವಿಷಯ ತಿಳಿಸಿದಳು. ನನ್ನ ಮಗ ಅಜ್ಜಿಯ ಪರವಾಗಿ ಕುಣಿಯಬೇಕಾಯಿತು. ನೀರಿನಲ್ಲಿ ಹಾಕಿದ್ದ ನಾಣ್ಯ ಸದ್ದು ನಿಲ್ಲಿಸಿ ಎಷ್ಟು ಹೊತ್ತಾಗಿತ್ತು ಎಂಬುದನ್ನು ಆಮೇಲೆ ಗಮನಿಸಿದವಳು ನಾನು, ಅದನ್ನು ಯಾರಿಗೂ ಹೇಳದೆ ನೀರು ತುಂಬಿಸಿದವಳೂ ನಾನೇ.

ಎರಡು ಡಜನ್ ಉಳಿದಿವೆ. ಕೆಡದಂತೆ ಇಡುವುದು ಹೇಗೆ?

ಹೂಸ್ಟನ್ ಹಳಬ, ಡಿಸೆಂಬರ್ 26

ಸಿಪ್ಪೆಯನ್ನು ಬಿಡಿಸದೆ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿಡಿ. ಬೇಕಾದಾಗ ಮತ್ತೆ ಹಬೆಯಲ್ಲಿ ಬಿಸಿ ಮಾಡಿ, ಇಲ್ಲವೇ ಸಿಪ್ಪೆಯೊಡನೆಯೇ ದೋಸೆಯ ಕಾವಲಿಯ ಮೇಲೆ ಹೊರಳಾಡಿಸಿ. ಸಿಪ್ಪೆ ಅಲ್ಲಲ್ಲಿ ಕಪ್ಪಗಾದಾಗ ಬರುವ ರುಚಿ ಮೊದಲ ದಿನದ್ದಕ್ಕಿಂತ ಮೇಲು.

ಶಿರಸಿಯ ಸೊಸೆ, ಜನವರಿ 7

ಇನ್ನೊಂದು ಸಲಹೆ ಬೇಕಾಗಿದೆ. ನಿನ್ನೆ ಬೀಗರ ಮನೆಯಲ್ಲಿ ಮೂವರು ರಾಜರ ಹಬ್ಬಕ್ಕೆ ರೋಸ್ಕಾ ಎಂಬ ದುಂಡನೆಯ ಸಿಹಿ ಬ್ರೆಡ್ ತಂದಿದ್ದರು. ಅದಕ್ಕೆ ಮೊಟ್ಟೆ ಹಾಕಿರುತ್ತಾರೆ ಎಂದು ಅತ್ತೆಯವರು ತಿನ್ನಲಿಲ್ಲ, ಆದರೆ ಎಲ್ಲರೂ ಒತ್ತಾಯಿಸಿದರೆಂದು ಚಾಕು ಹಿಡಿದು ಒಂದು ತುಂಡು ಕತ್ತರಿಸಿ ಮೊಮ್ಮಗನಿಗೆ ಕೊಟ್ಟರು. ಬಾಲ ಏಸುವಿನ ಸಣ್ಣ ಬೊಂಬೆ ಆ ತುಂಡಿನಲ್ಲಿಯೇ ಇತ್ತು. ಬೊಂಬೆ ಸಿಕ್ಕವರು ಫೆಬ್ರವರಿ 2ರಂದು ಎಲ್ಲರಿಗೂ ತಮಾಲ್ ಹಾಕಿಸಬೇಕಂತೆ. ತಿಂದವನು ನನ್ನ ಮಗ, ಆದರೆ ಕತ್ತರಿಸಿದವರೇ ಹೊಣೆ ಎಂದು ಬೀಗಿತಿಯವರು ತೀರ್ಪು ಕೊಟ್ಟಿದ್ದಾರೆ. ಅತ್ತೆಯವರ ವಿಮಾನ ಇರುವುದು ಜನವರಿ 30ಕ್ಕೆ.

ಗ್ವಾದಲಹಾರ ವಾಸಿ, ಜನವರಿ 7

ತೀರ್ಪು ಸರಿಯಾಗಿದೆ. ಫೆಬ್ರವರಿ 2ರ ಕಾಂದೆಲಾರಿಯಾ ಹಬ್ಬದ ತಮಾಲನ್ನು ತಪ್ಪಿಸಿಕೊಳ್ಳಲು ಮೆಕ್ಸಿಕೊದಲ್ಲಿ ಬೊಂಬೆಯನ್ನೇ ನುಂಗುವ ಜನರಿದ್ದಾರೆ ಎಂದು ತಮಾಷೆ ಮಾಡುತ್ತಾರೆ, ಆದರೆ ವಿಮಾನ ಹತ್ತಿ ಹೋದವರ ಸುದ್ದಿಯನ್ನು ಕೇಳಿಲ್ಲ.

ಶಿರಸಿಯ ಸೊಸೆ, ಜನವರಿ 9

ಟಿಕೆಟನ್ನು ಫೆಬ್ರವರಿ 5ಕ್ಕೆ ಬದಲಾಯಿಸಿದ್ದಾಯಿತು. ಈ ಸಲ ಯಜಮಾನಿಕೆ ತಮ್ಮದಾದ್ದರಿಂದ ಜೋಳದ ಸಿಪ್ಪೆ ಬೇಡ, ಬಾಳೆ ಎಲೆಯೇ ಆಗಬೇಕು ಎಂದು ಅತ್ತೆಯವರು ಹೇಳುತ್ತಿದ್ದಾರೆ. ಇದಕ್ಕೆ ಬೀಗರು ಒಪ್ಪುತ್ತಾರೆಯೇ?

ಪುತ್ತೂರಿನ ಅಜ್ಜಿಮನೆ, ಜನವರಿ 9

ಒಪ್ಪದೆ ಏನು ಮಾಡುತ್ತಾರೆ? ಮೆಕ್ಸಿಕೊದ ವಹಾಕಾ, ಯುಕತಾನ್ ಕಡೆ ತಮಾಲ್ ಕಟ್ಟುವುದು ಬಾಳೆ ಎಲೆಯಲ್ಲಿಯೇ. ನಿಮ್ಮೂರಿನ ಮೆಕ್ಸಿಕನ್ ಅಂಗಡಿಯ ಫ್ರೀಜರಿನಲ್ಲಿ ಮಡಿಸಿದ ಎಲೆ ಸಿಗುತ್ತದೆ. ಒಲೆಯ ಉರಿಯ ಮೇಲೆ ಒಮ್ಮೆ ಬಾಡಿಸಿಕೊಳ್ಳಿ, ಇಲ್ಲದಿದ್ದರೆ ಮಡಿಕೆಯಲ್ಲಿ ಸೀಳುತ್ತದೆ. ಅತ್ತೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ನಾಣ್ಯದ ಸದ್ದಿನ ಕಡೆ ಮಾತ್ರ ನೀವು ಕಿವಿ ಇಟ್ಟುಕೊಂಡಿರಿ.